ಸುಲ್ತಾನರ ಕಾದಂಬರಿಯಲ್ಲಿ ನೀರೆಲ್ಲಿದೆ?

ದೀಪ ಹಚ್ಚಿದ್ದಾಯಿತು, ಹಾರ ಹಾಕಿಸಿಕೊಂಡದ್ದಾಯಿತು. ನಮ್ಮ ವಿಜಾಪುರದ ಆದಿಲ್‌ಶಾಹಿ ಅರಸರನ್ನು ಕುರಿತ ಕಥೆ, ಕಾದಂಬರಿ, ನಾಟಕಗಳ ಪ್ರದರ್ಶನ ಉದ್ಘಾಟಿಸಲು ಒಬ್ಬ ಸಾಹಿತಿ ಸಿಗಲಿಲ್ಲವೇ ಎಂದು ಸಂಘಟಕರನ್ನು ಕೇಳಿದೆ. "ಸಿಕ್ಕಿದ್ದರು ಸರ, ಬೆಂಗಳೂರಿನಿಂದ ಬರಾಕ ಆಗೂದಿಲ್ಲಂದ್ರು" ಎಂದರು. ಹೀಗಾಗಿ ಜೀವಮಾನವೆಲ್ಲ ನೀರು ಸರಬರಾಜಿನ ಕೆಲಸ ಮಾಡಿ ನಿವೃತ್ತನಾದ ಎಂಜಿನಿಯರನ ಮಾತನ್ನು ನೀವು ಸಹಿಸಿಕೊಳ್ಳಬೇಕಾಗಿದೆ. ಯಾವ ಮೇಜಿನ ಮೇಲೆ ಯಾವ ಪುಸ್ತಕ ಇದೆ ಎಂದು ಹೇಳಲು ನನಗೊಂದು ಚೀಟಿ ಕೊಟ್ಟಿದ್ದಾರೆ. ಅದೇ ಚೀಟಿಯನ್ನು ಬಾಗಿಲಿಗೂ ಅಂಟಿಸಿದ್ದಾರೆ, ಓದಿಕೊಳ್ಳಿ.

ಆದಿಲ್‌ಶಾಹಿಗಳ ಮೇಲೆ ಮೊದಲ ಐತಿಹಾಸಿಕ ಕಾದಂಬರಿ ಬರೆದವರು ಯಾರು ಅಂದರೆ ನಾನು ಫಿರಿಶ್ತಾನ ಹೆಸರು ಹೇಳುತ್ತೇನೆ. ಅವನು ಕಾದಂಬರಿಕಾರನಲ್ಲ, ಎರಡನೆಯ ಇಬ್ರಾಹಿಮನ ಆಸ್ಥಾನದಲ್ಲಿ ಪಾರಸಿಯಲ್ಲಿ ಇತಿಹಾಸ ಬರೆದವನು. ಆದರೆ ಮನೆತನದ ಮೂಲಪುರುಷ ಯೂಸುಫನ ಬಗ್ಗೆ ಅವನು ಹೇಳುವ ಕಥೆ ಕೇಳಿ. ಯೂಸುಫ ತುರ್ಕಿಯ ಸುಲ್ತಾನ ಮುರಾದನ ಮಗನಂತೆ. ಅಣ್ಣ ಪಟ್ಟಕ್ಕೆ ಬಂದಾಗ ತಮ್ಮಂದಿರನ್ನು ಕೊಲ್ಲಿಸುವ ಪದ್ಧತಿ. ತಾಯಿ ಅದೇ ವಯಸ್ಸಿನ ಗುಲಾಮ ಹುಡುಗನೊಬ್ಬನನ್ನು ಮಗನ ಜಾಗದಲ್ಲಿಟ್ಟು, ಮಗನನ್ನು ಇರಾನಿನ ಸಾವಾದ ವ್ಯಾಪಾರಿಯ ಕೈಗೆ ಒಪ್ಪಿಸುತ್ತಾಳೆ. ಅಲ್ಲಿ ಬೆಳೆದ ಹುಡುಗ ಕೊನೆಗೆ ಬೀದರಿಗೆ ಬಂದು ಮಹಮೂದ ಗವಾನನ ಆಶ್ರಯ ಸೇರುತ್ತಾನೆ. ಇತಿಹಾಸಕಾರರಲ್ಲಿ ಹೆಚ್ಚಿನವರು ಇದನ್ನು ನಂಬುವುದಿಲ್ಲ. ನಂಬದಿದ್ದರೆ ಬಿಡಿ, ಆ ಬದಲಿ ಹುಡುಗನ ತಾಯಿ ಯಾರು, ಅವಳೇನಾದಳು ಎಂದು ಫಿರಿಶ್ತಾ ಯಾಕೆ ಬರೆಯಲಿಲ್ಲ ಎಂಬುದು ನನ್ನ ತಕರಾರು. ಅರಮನೆಯೊಳಗೆ ಕೂತು ಬರೆದರೆ ಹೀಗೇ ಆಗುವುದು.

ಇತಿಹಾಸದ ಮಾತು ಇಷ್ಟಕ್ಕೇ ಸಾಕು. ಸುಮಾರು 1490ರಿಂದ 1686ರವರೆಗೆ ಆಳಿದ ಅರಸರ ಪಟ್ಟಿ ಒಪ್ಪಿಸಲು ಇಲ್ಲಿ ಪ್ರಾಧ್ಯಾಪಕರಿದ್ದಾರೆ.

ಒಳಗೆ ನಾಲ್ಕನೆಯ ಮೇಜಿನ ಮೇಲೆ ಒಬ್ಬ ಬಿಳಿಯನ ಪುಸ್ತಕಗಳಿವೆ. ಫಿಲಿಪ್ ಮೆಡೋಸ್ ಟೇಲರ್. 1840ರ ದಶಕದಲ್ಲಿ ನಮ್ಮ ಪಕ್ಕದ ಸುರಪುರ ಸಂಸ್ಥಾನದ ಆಡಳಿತ ನೋಡಿಕೊಳ್ಳಲು ಬಂದವನು. ಅಲ್ಲಿ ಅವನು ಕಟ್ಟಿಸಿದ ಮನೆಯನ್ನು ಜನ ಈಗಲೂ ಟೇಲರ್ ಮಂಜಿಲ್ ಅನ್ನುತ್ತಾರೆ. 1863ರಲ್ಲಿ 'ತಾರಾ' ಬರೆದ, ಅದರಲ್ಲಿ ಅಫಜಲಖಾನನ ಕಾಲದ ವಿಜಾಪುರ ಇದೆ. ಚಾಂದಬೀಬಿಯ ಮೇಲಿನ 'ಎ ನೋಬಲ್ ಕ್ವೀನ್' ಅವನು ತೀರಿಕೊಂಡ ಮೇಲೆ 1878ರಲ್ಲಿ ಹೊರಬಂತು. ಕಂಪನಿ ಕಾಲದ ಗತ್ತು ಅವನ ಬರವಣಿಗೆಯಲ್ಲಿ ಇದ್ದೇ ಇದೆ. ಆದರೂ ನನಗೆ ಅವನ ಮೇಲೆ ಒಂದು ಮಮಕಾರ. ಸುರಪುರ ತಾಲೂಕಿನ ಬೋನಾಳ ಕೆರೆಯನ್ನು ಸುಧಾರಿಸಿದವನೂ ಅವನೇ. ಕೆರೆಯ ಏರಿಯ ಮೇಲೆ ನಿಂತು ಲೆಕ್ಕ ಹಾಕಿದ ಮನುಷ್ಯ ಚಾಂದಬೀಬಿಯ ಕಥೆ ಬರೆದ ಅಂದರೆ ನಮ್ಮ ಇಲಾಖೆಯವರಿಗೆ ಹೆಮ್ಮೆ ಆಗಬೇಡವೇ!

ಆಮೇಲೆ ಬಂದವರಲ್ಲಿ ಕೆರೆ ಕಟ್ಟಿದವರು ಯಾರೂ ಇಲ್ಲ. ಅಲ್ಲಿಂದಲೇ ನನ್ನ ಚಿಂತೆ ಶುರು. ಗಳಗನಾಥರ 'ಕನ್ನಡಿಗರ ಕರ್ಮಕಥೆ'ಯನ್ನು ನಮ್ಮ ತಲೆಮಾರಿನವರು ಕಣ್ಣೀರು ಹಾಕಿಕೊಂಡು ಓದಿದವರು. ಕಾರ್ನಾಡರ 'ರಾಕ್ಷಸ ತಂಗಡಿ' 2018ರಲ್ಲಿ ಬಂದಾಗ ಒಂದೇ ರಾತ್ರಿಯಲ್ಲಿ ಮುಗಿಸಿದೆ. ಇವು ದೊಡ್ಡವರ ಕೃತಿಗಳು, ಅವುಗಳ ಸುದ್ದಿಗೆ ನಾನು ಹೋಗುವುದಿಲ್ಲ. ನಾನು ಹೇಳುತ್ತಿರುವುದು ಉಳಿದ ರಾಶಿಯ ಬಗ್ಗೆ. ಅದರಲ್ಲಿ ಸುಲ್ತಾನ ಬರುತ್ತಾನೆ, ಕತ್ತಿ ಬರುತ್ತದೆ, ಅತ್ತರು ಬರುತ್ತದೆ, ರಂಭೆ ಕುಣಿಯುತ್ತಾಳೆ, ಗೋಳಗುಮ್ಮಟದಿಂದ ಯಾರೋ ಒಬ್ಬರು ಜಿಗಿಯಲೇಬೇಕು. ಬರೆಯುವವನ ಒಲವಿಗೆ ತಕ್ಕ ಹಾಗೆ ಸುಲ್ತಾನ ಒಂದು ಕಡೆ ರಾಕ್ಷಸ, ಇನ್ನೊಂದು ಕಡೆ ಸೂಫಿ ಸಂತ. ಆದರೆ ಮುನ್ನೂರು ಪುಟ ಓದಿದರೂ ಒಬ್ಬರೂ ನೀರು ಕುಡಿಯುವುದಿಲ್ಲ ರೀ! ಕುಡಿದರೆ ಶರಬತ್ತು. ಆ ಶರಬತ್ತಿಗೆ ನೀರು ಎಲ್ಲಿಂದ ಬಂತು? ಸುಮಾರು 10 ಕಿಲೋಮೀಟರ್ ಸುತ್ತಳತೆಯ ಕೋಟೆ, ಒಳಗೆ ಅಷ್ಟು ಜನ, ಕುದುರೆ, ಆನೆ. ಹತ್ತಿರದಲ್ಲಿ ಹೊಳೆ ಇಲ್ಲ. ಇದು ಬರದ ಸೀಮೆ. ಇಂಥ ಕಡೆ ಒಂದು ರಾಜಧಾನಿ ಇನ್ನೂರು ವರ್ಷ ಹೇಗೆ ಬದುಕಿತು ಎಂಬ ಪ್ರಶ್ನೆ ಕಾದಂಬರಿಕಾರನಿಗೆ ಹೊಳೆಯದಿದ್ದರೆ ಅವನು ಈ ಊರಿಗೆ ಬಂದೇ ಇಲ್ಲ ಅಂತ ಅರ್ಥ.

ಹೇಗೆ ಬದುಕಿತು, ಹೇಳುತ್ತೇನೆ. ಸಂಘಟಕರು ಗಡಿಯಾರ ನೋಡುವುದು ಬೇಡ.

ಪಶ್ಚಿಮಕ್ಕೆ ತೊರವಿ. ತೊರವೆ ರಾಮಾಯಣದ, ನರಸಿಂಹ ದೇವರ ತೊರವಿ. ಅಲ್ಲಿಯ ಸುರಂಗ ಬಾವಡಿಯಿಂದ ನೆಲದೊಳಗೆ ಸುರಂಗ ಕೊರೆದು ಊರಿಗೆ ನೀರು ತಂದರು. ದಾರಿಯುದ್ದಕ್ಕೂ ಗಾಳಿಗೆ, ಹೂಳು ಎತ್ತಲಿಕ್ಕೆ ಬಾವಿಯಂಥ ಕಿಂಡಿಗಳು. ದಕ್ಷಿಣಕ್ಕೆ ಬೇಗಂ ತಲಾಬ್, ಮಹಮ್ಮದ್ ಆದಿಲ್‌ಶಾಹ 1651ರಲ್ಲಿ ಕಟ್ಟಿಸಿದ್ದು. ಅಲ್ಲಿಂದ ಮಣ್ಣಿನ ಕೊಳವೆಗಳಲ್ಲಿ ನೀರು. ಪಂಪಿಲ್ಲ, ಮೋಟರಿಲ್ಲ, ನೆಲದ ಇಳಿಜಾರೇ ಎಲ್ಲ. ಆದರೆ ಮಣ್ಣಿನ ಕೊಳವೆಗೆ ಒತ್ತಡ ತಡೆಯುವ ಶಕ್ತಿ ಇಲ್ಲ, ಸಂದು ಬಿಟ್ಟುಕೊಳ್ಳುತ್ತದೆ. ಅದಕ್ಕೆಂದೇ ಅಲ್ಲಲ್ಲಿ ಗಂಜ್ ಕಟ್ಟಿದರು. ನೀವೆಲ್ಲ ನೋಡಿದ್ದೀರಿ, ರಸ್ತೆ ಬದಿಯಲ್ಲಿ ಚೌಕಾಕಾರದ ಕಲ್ಲಿನ ಗೋಪುರ ನಿಂತಿರುತ್ತದೆ, ಅದರ ಮೇಲೆ ಕೋಚಿಂಗ್ ಕ್ಲಾಸಿನ ಜಾಹೀರಾತು ಇರುತ್ತದೆ. ನೀರು ಅದರೊಳಗೆ ಮೇಲಕ್ಕೇರುತ್ತದೆ, ಒತ್ತಡ ಅಲ್ಲಿ ಕಳೆದುಹೋಗುತ್ತದೆ, ಸಿಕ್ಕಿಕೊಂಡ ಗಾಳಿ ಹೊರಗೆ ಹೋಗುತ್ತದೆ, ಹೂಳು ಕೆಳಗೆ ಕೂಡುತ್ತದೆ, ತಿಳಿನೀರು ಮುಂದಿನ ಕೊಳವೆಗೆ ಹೊರಡುತ್ತದೆ. ನಾವು ಬ್ರೇಕ್ ಪ್ರೆಷರ್ ಟ್ಯಾಂಕ್ ಅಂತ ಓದಿ ಪರೀಕ್ಷೆ ಬರೆದದ್ದು ಇದನ್ನೇ.

ನಾನು ಕೆಲಸದಲ್ಲಿದ್ದಾಗ ಒಮ್ಮೆ ಹೊಸ ಪೈಪ್‌ಲೈನಿಗೆ ನೆಲ ಅಗೆಯುತ್ತಿದ್ದರು. ಗುದ್ದಲಿ ಠಣ್ ಎಂದಿತು. ಗಾರೆಯ ಗಟ್ಟಿ ಹಾಸು, ಅದರ ನಡುವೆ ಮಣ್ಣಿನ ಕೊಳವೆ. ಒಂದು ತುದಿ ಅಗಲ, ಇನ್ನೊಂದು ತುದಿ ಸಣ್ಣ, ಒಂದರ ಬಾಯಲ್ಲಿ ಇನ್ನೊಂದನ್ನು ಕೂಡಿಸಿದ್ದರು. ಒಡೆದ ತುಂಡನ್ನು ಕೈಗೆತ್ತಿಕೊಂಡು ನೋಡಿದೆ. ಒಳಗೆಲ್ಲ ನೀರಿನ ಸುಣ್ಣ ಕಟ್ಟಿ, ಈರುಳ್ಳಿಯ ಹಾಗೆ ಪದರ ಪದರವಾಗಿತ್ತು. ಗುದ್ದಲಿ ಹಾಕಿದ ಆಳು ಕೇಳಿದ, "ಸಾಹೇಬ್ರ, ಇದೂ ನಿಮ್ಮ ಇಲಾಖಿ ಪೈಪೇನ್ರಿ?" "ಹೌದಪಾ, ನಮ್ಮದೇ. ಬಿಲ್ ಪಾಸಾಗಿ ಬಹಳ ವರ್ಷ ಆತು" ಅಂದೆ. ಗುತ್ತಿಗೆದಾರನಿಗೆ ಅವಸರ. ಮರುದಿನ ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಗುಂಡಿ ಮುಚ್ಚಿಯಾಗಿತ್ತು, ತುಂಡುಗಳು ರಸ್ತೆಯ ಜಲ್ಲಿಯಾಗಿದ್ದವು.

ನೀರಿನ ಕಥೆಯಲ್ಲಿ ರೋಚಕತೆ ಇಲ್ಲ, ಓದುಗರು ಓದುವುದಿಲ್ಲ ಎಂದು ಪ್ರಕಾಶಕರು ಹೇಳಬಹುದು. ಹಾಗಾದರೆ 1665ರ ಕೊನೆಗೆ ಬನ್ನಿ. ಔರಂಗಜೇಬನ ಸೇನಾಪತಿ ಮಿರ್ಜಾ ರಾಜಾ ಜೈಸಿಂಗ ದೊಡ್ಡ ದಂಡು ಕಟ್ಟಿಕೊಂಡು ವಿಜಾಪುರದ ಮೇಲೆ ಬಂದ. ಪುರಂದರದ ಒಪ್ಪಂದ ಆಗಿತ್ತು, ಶಿವಾಜಿ ಮಹಾರಾಜರೂ ಆ ದಂಡಿನಲ್ಲಿದ್ದರು. ಊರು ಬೇಗ ಕೈಗೆ ಬರುತ್ತದೆಂಬ ಲೆಕ್ಕದಲ್ಲಿ ಜೈಸಿಂಗ ದೊಡ್ಡ ತೋಪುಗಳನ್ನು ಹಿಂದೆಯೇ ಬಿಟ್ಟಿದ್ದ. ಸುಮಾರು 10 ಮೈಲಿ ದೂರದವರೆಗೂ ಬಂದು ನೋಡಿದರೆ ಏನಿದೆ? ಎರಡನೆಯ ಅಲಿ ಆದಿಲ್‌ಶಾಹನ ಕಡೆಯವರು ಶಹಾಪುರದ ಕೆರೆ, ನವರಸಪುರದ ಕೆರೆ ಎರಡರ ಏರಿಯನ್ನೂ ಒಡೆದು ನೀರು ಹರಿಯಬಿಟ್ಟಿದ್ದರು. ಊರ ಸುತ್ತ 6 ಮೈಲಿ ಬಾವಿಗಳಿಗೆ ಮಣ್ಣು ತುಂಬಿದ್ದರು, ಮರ ಕಡಿದು ಹಾಕಿದ್ದರು. ಕೆಲವೇ ದಿನ ಕಾದು, 1666ರ ಜನವರಿಯಲ್ಲಿ ಜೈಸಿಂಗ ಹಿಂದಿರುಗಬೇಕಾಯಿತು. ಅಷ್ಟು ದೊಡ್ಡ ಮೊಗಲ್ ಸೈನ್ಯಕ್ಕೆ ಕೋಟೆಯ ಗೋಡೆ ಮುಟ್ಟಲೂ ಆಗಲಿಲ್ಲ.

ಎರಡನೆಯ ಅಲಿಯ ಯುದ್ಧಗಳನ್ನು ಅವನ ಆಸ್ಥಾನದ ಕವಿ ನುಸ್ರತಿ ದಖನಿಯಲ್ಲಿ 'ಅಲಿನಾಮಾ' ಎಂದು ಹಾಡಿದ. ಸುಲ್ತಾನನ ಪಾಲಿನದು ಅಲ್ಲಿಗೆ ಮುಗಿಯಿತು. ನನಗೆ ಬೇಕಾದವನು ಬೇರೆ. ತೊರವಿಯ ಕಡೆಯ ಒಬ್ಬ ರೈತ ಎಂದಿಟ್ಟುಕೊಳ್ಳಿ. ಅಪ್ಪ ತೋಡಿಸಿದ ಬಾವಿ. ಒಂದು ದಿನ ಸರ್ಕಾರದ ಕುದುರೆ ಸವಾರ ಬಂದು, ನಾಳೆಯೊಳಗೆ ಈ ಬಾವಿ ಮುಚ್ಚು ಅನ್ನುತ್ತಾನೆ. ಸುಲ್ತಾನ ತನ್ನವನೇ, ಶತ್ರು ಇನ್ನೂ ಕಣ್ಣಿಗೆ ಬಿದ್ದಿಲ್ಲ, ಜೋಳ ಹಾಲು ತುಂಬುವ ಕಾಲ. ಬುಟ್ಟಿಯಲ್ಲಿ ಮಣ್ಣು ಹೊತ್ತು ತಂದು ತನ್ನ ಬಾವಿಗೆ ತಾನೇ ಸುರಿಯುತ್ತಾನಲ್ಲ, ಮೊದಲ ಬುಟ್ಟಿ ಬಿದ್ದಾಗ ಹೆಂಡತಿ ಏನಂದಳು? ದಂಡು ಹಿಂದೆ ಹೋದ ಮೇಲೆ ಹೂಳು ತೆಗೆಸಲು ಅವನಿಗೆ ಖಜಾನೆಯಿಂದ ಒಂದು ಹೊನ್ನಾದರೂ ಸಿಕ್ಕಿತೇ, ಅಥವಾ ಅರ್ಜಿ ಹಿಡಿದುಕೊಂಡು ಕಚೇರಿ ಕಚೇರಿ ಅಲೆದನೇ? ನಿವೃತ್ತ ನೌಕರನಾಗಿ ನನ್ನ ಊಹೆ ಏನೆಂದು ನಿಮಗೆ ಗೊತ್ತು. ಈ ಕಾದಂಬರಿ ಒಳಗಿನ ಯಾವ ಮೇಜಿನ ಮೇಲೂ ಇಲ್ಲ. ಬರೆಯುವವರಿದ್ದರೆ ಬಾವಿಯ ಆಳ, ಮಣ್ಣಿನ ಘನಅಡಿ, ಎಷ್ಟು ಬುಟ್ಟಿ, ಎಷ್ಟು ಆಳು, ಎಲ್ಲ ಲೆಕ್ಕ ನಾನು ಹಾಕಿಕೊಡುತ್ತೇನೆ.

ಜನರ ಬಾಯಲ್ಲಿ ನೀರು ಮತ್ತು ಸುಲ್ತಾನ ಬೇರೆಯಾಗಿರಲಿಲ್ಲ. 1972ರ ಬರ. ನಾನಾಗ ಸಣ್ಣವನು. ಅವ್ವನ ಜೊತೆ ತಾಜ ಬಾವಡಿಗೆ ನೀರಿಗೆ ಹೋಗುತ್ತಿದ್ದೆ. ಎರಡು ಕಡೆ ಎಂಟು ಮೂಲೆಯ ಗೋಪುರ, ನಡುವೆ ಆ ದೊಡ್ಡ ಕಮಾನು, ಮೆಟ್ಟಿಲ ತುಂಬ ಕೊಡಗಳ ಪಾಳಿ. ಹಗ್ಗ ತಿಕ್ಕಿ ತಿಕ್ಕಿ ಅಂಚಿನ ಕಲ್ಲಿನಲ್ಲಿ ಗೀರು ಬಿದ್ದಿದ್ದವು, ಅದರಲ್ಲಿ ನನ್ನ ಬೆರಳು ಪೂರ್ತಿ ಮುಳುಗುತ್ತಿತ್ತು. ಪಾಳಿಯಲ್ಲಿ ನಮ್ಮ ಓಣಿಯ ಖಾಲಾ ಒಬ್ಬರು ಕಥೆ ಹೇಳುತ್ತಿದ್ದರು. ಅಹಮದನಗರದ ಕೋಟೆಗೆ ಮೊಗಲರು ಮುತ್ತಿದಾಗ ಚಾಂದಬೀಬಿಯ ಹತ್ತಿರ ಗುಂಡು ಮುಗಿದವಂತೆ. ಆಕೆ ತೋಪಿಗೆ ತಾಮ್ರದ ದುಡ್ಡು ತುಂಬಿಸಿದಳು, ಅದು ಮುಗಿದಾಗ ಬೆಳ್ಳಿ, ಅದೂ ಮುಗಿದಾಗ ಬಂಗಾರ. ಎಲ್ಲರೂ ಬಾಯಿಬಿಟ್ಟು ಕೇಳುವಾಗ ನಮ್ಮವ್ವ ಕೇಳಿದಳು, "ಬಂಗಾರ ಇರಲಿ ಖಾಲಾ, ಅಕಿಗೂ ನೀರಿನ ಪಾಳಿ ಇತ್ತೇನ?" ಖಾಲಾ ಕೊಡ ಸೊಂಟಕ್ಕೇರಿಸಿಕೊಳ್ಳುತ್ತ ಅಂದರು, "ಅಕಿಗ್ಯಾಕ ಪಾಳಿ? ಗಂಡ ಬಾವಡಿನ ಅಕಿ ಹೆಸರಿಲೆ ಕಟ್ಟಿಸ್ಯಾನ." ನಿಜ. ಚಾಂದ ಬಾವಡಿಯನ್ನು ಮೊದಲನೆಯ ಅಲಿ 1579ರಲ್ಲಿ ಕಟ್ಟಿಸಿದ, ಮರುವರ್ಷವೇ ಕೊಲೆಯಾದ. ಆಮೇಲೆ ಚಾಂದಬೀಬಿ ಎಳೆಯ ಇಬ್ರಾಹಿಮನ ಪರವಾಗಿ ರಾಜ್ಯ ನೋಡಿಕೊಂಡಳು. ಆ ಸಂಜೆಯ ಪಾಳಿಯಲ್ಲಿದ್ದಷ್ಟು ವಿಮರ್ಶೆಯನ್ನು ನಾನು ಮುಂದೆ ಯಾವ ವಿಚಾರ ಸಂಕಿರಣದಲ್ಲೂ ಕೇಳಲಿಲ್ಲ.

ಊರಾಚೆ ಸಾಠ್ ಕಬರ್ ಇದೆಯಲ್ಲ, ಅಲ್ಲಿಯೂ ಬಾವಿಯದೇ ಕಥೆ. ಶಿವಾಜಿಯ ಮೇಲೆ ಹೋಗುವಾಗ ಅಫಜಲಖಾನ ತಾನು ಸತ್ತರೆ ಹೆಂಡತಿಯರು ಬೇರೆಯವರ ಪಾಲಾಗಬಾರದೆಂದು ಅವರನ್ನು ಬಾವಿಗೆ ನೂಕಿಸಿದ ಎಂದು ಜನ ಹೇಳುತ್ತಾರೆ. ಒಂದೇ ಅಳತೆಯ ಕರಿಕಲ್ಲಿನ ಗೋರಿಗಳ ಸಾಲು ನೋಡಿದರೆ ಹಾಗೆ ಅನಿಸುವುದೂ ಸಹಜ. ದಂತಕಥೆ. ಇದರ ಮೇಲೆ ಬರೆಯಲು ಎಲ್ಲರಿಗೂ ಉತ್ಸಾಹ, ಯಾಕೆಂದರೆ ರಕ್ತ ಇದೆ.

ಈಗ ಆ ಬಾವಡಿಗಳ ಗತಿ ನೋಡಿ. ಕೆಲವು ವರ್ಷಗಳ ಹಿಂದೆ ಕೆಲವದರ ಹೂಳು ತೆಗೆದರು, ಒಳ್ಳೆಯ ಕೆಲಸ, ತೆಗೆದವರಿಗೆ ಶರಣು. ಆದರೆ ಎಷ್ಟೋ ಬಾವಡಿಗಳಲ್ಲಿ ಪ್ಲಾಸ್ಟಿಕ್ ಚೀಲ, ಹಳೆಯ ಹಾಸಿಗೆ, ಪ್ಲಾಸ್ಟರಿನ ಗಣಪತಿಯ ತೋಳು. ಸುಲ್ತಾನನ ಮೇಲೆ ಯಾರೋ ಏನೋ ಬರೆದರೆಂದು ಬೀದಿಗಿಳಿಯುವ ನಾವು ಅವನು ಕಟ್ಟಿಸಿದ ಬಾವಿಗೆ ಕಸ ಸುರಿಯುವಾಗ ಸುಮ್ಮನಿರುತ್ತೇವೆ. ಪರವಾಗಿಯೂ ವಿರುದ್ಧವಾಗಿಯೂ ಕೂಗುವವರು ಇಬ್ಬರೂ ಅದೇ ಬಾವಡಿಗೆ ಕಸ ಹಾಕುತ್ತಾರೆ, ಆ ಮಟ್ಟಿಗೆ ಊರಿನಲ್ಲಿ ಒಗ್ಗಟ್ಟಿದೆ.

ಪುಸ್ತಕದ ಬಗ್ಗೆ ಒಂದು ಮಾತು ಹೇಳದಿದ್ದರೆ ಗ್ರಂಥಪಾಲಕರು ಬೇಸರ ಮಾಡಿಕೊಳ್ಳುತ್ತಾರೆ. ಮೊದಲನೆಯ ಅಲಿ ಪ್ರವಾಸ ಹೊರಟರೂ ಪೆಟ್ಟಿಗೆ ಪೆಟ್ಟಿಗೆ ಪುಸ್ತಕ ಜೊತೆಗೊಯ್ಯುತ್ತಿದ್ದನಂತೆ, ಅವನ ಗ್ರಂಥಾಲಯದಲ್ಲಿ ಬರೆಯುವವರು, ಬಣ್ಣ ಹಚ್ಚುವವರು, ರಟ್ಟು ಕಟ್ಟುವವರು ಎಲ್ಲ ಸೇರಿ ಸುಮಾರು 60 ಜನ ಕೆಲಸಕ್ಕಿದ್ದರಂತೆ. ಇದನ್ನು ಬರೆದಿಟ್ಟ ರಫಿಯುದ್ದೀನ್ ಶಿರಾಜಿ ಅದೇ ಸುಲ್ತಾನನ ಊಟದ ವ್ಯವಸ್ಥೆ ನೋಡಿಕೊಳ್ಳುತ್ತಿದ್ದವನು. ಅಡುಗೆಮನೆಯ ಹತ್ತಿರ ಇದ್ದವನ ಕಣ್ಣಿಗೆ ಇಂಥವು ಬೀಳುತ್ತವೆ. ಇಲ್ಲಿಯ ಗ್ರಂಥಾಲಯದಲ್ಲಿ ಈಗ ಎಷ್ಟು ಹುದ್ದೆ ಖಾಲಿ ಇವೆ ಎಂದು ನಾನು ಕೇಳುವುದಿಲ್ಲ, ಅಧ್ಯಕ್ಷರಿಗೆ ಮುಜುಗರ.

ಬರುವ ಭಾನುವಾರ ಬೆಳಿಗ್ಗೆ 6 ಗಂಟೆಗೆ ತೊರವಿಯಿಂದ ಹೊರಟು, ಸುರಂಗದ ಕಿಂಡಿಗಳನ್ನು ಹುಡುಕುತ್ತ ಊರಿನವರೆಗೂ ನಡೆಯುವುದೆಂದು ಮಾಡಿದ್ದೇನೆ. ಬರೆಯಬೇಕೆನ್ನುವವರು, ಬರೆಯದೆ ಬರೇ ಓದುವವರು, ಯಾರೂ ಬರಬಹುದು. ಹೆಸರನ್ನು ಗ್ರಂಥಾಲಯದ ಕೌಂಟರಿನಲ್ಲಿ ಕೊಡಿ. ಚಪ್ಪಲಿ ಬೇಡ, ಬೂಟು ಹಾಕಿಕೊಂಡು ಬನ್ನಿ, ದಾರಿಯಲ್ಲಿ ಜಾಲಿಮುಳ್ಳು ಬಹಳ. ಕುಡಿಯುವ ನೀರು ನೀವೇ ತರಬೇಕು. ಪ್ರದರ್ಶನ ಉದ್ಘಾಟನೆಯಾಯಿತೆಂದು ಘೋಷಿಸುತ್ತಿದ್ದೇನೆ. ಕತ್ತರಿ ಯಾರ ಹತ್ತಿರ ಇದೆ?