ಪ್ರದರ್ಶನ ಎಂಬ ಒಂದೇ ಮಾತು



ನಾಟಕ ಆಡಿದರೂ ನಾವು ‘ಪ್ರದರ್ಶನ’ ಎನ್ನುತ್ತೇವೆ, ಗಾಜಿನ ಪೆಟ್ಟಿಗೆಯಲ್ಲಿ ಹಳೆಯ ವಸ್ತು ಜೋಡಿಸಿಟ್ಟರೂ ‘ಪ್ರದರ್ಶನ’ ಎನ್ನುತ್ತೇವೆ. ಮಾತು ಒಂದೇ, ಸ್ವಭಾವ ಬೇರೆ ಬೇರೆ. ಮೊದಲನೆಯದು ಅಂಕದ ಪರದೆ ಬಿದ್ದೊಡನೆ ಇಲ್ಲವಾಗುತ್ತದೆ. ಎರಡನೆಯದಕ್ಕೆ ಬಂಡವಾಳವೇ ಇಲ್ಲವಾದದ್ದು. ಕವಿ ಹೋದರೆ ಪುಸ್ತಕ ಉಳಿಯುತ್ತದೆ, ಚಿತ್ರಕಾರ ಹೋದರೆ ಕ್ಯಾನ್ವಾಸ್ ಉಳಿಯುತ್ತದೆ. ನಾಟಕದ ನಿರ್ದೇಶಕ ಹೋದರೆ ಏನು ಉಳಿಯುತ್ತದೆ? ಅವನನ್ನು ಗೋಡೆಯ ಮೇಲೆ ತೂಗುಹಾಕುವುದು ಹೇಗೆ? ಈ ಎರಡು ದಿನ ನಾವು ಈ ಪ್ರಶ್ನೆಯನ್ನು ಒಬ್ಬನೇ ಮನುಷ್ಯನ ಮೂಲಕ ಕೇಳಿಕೊಳ್ಳಲಿದ್ದೇವೆ. ಆತ ಉಕ್ರೇನಿನ ಲೆಸ್ ಕುರ್ಬಾಸ್.

ಹುಟ್ಟಿದ್ದು 1887ರಲ್ಲಿ, ಅಂದು ಆಸ್ಟ್ರಿಯಾ-ಹಂಗೇರಿಗೆ ಸೇರಿದ್ದ ಗಲೀಶಿಯಾದ ಸಾಂಬಿರ್ ಪಟ್ಟಣದಲ್ಲಿ. ತಂದೆ ತಾಯಿ ಇಬ್ಬರೂ ನಟರು. ವಿಯೆನ್ನಾ, ಲ್ವಿವ್‌ಗಳಲ್ಲಿ ಓದಿ, ಮೊದಲ ಮಹಾಯುದ್ಧದ ನಡುವೆ ಕೀವ್‌ಗೆ ಬಂದು ಎಳೆಯ ನಟರನ್ನು ಕಟ್ಟಿಕೊಂಡು ‘ಯುವ ರಂಗಭೂಮಿ’ ತಂಡ ಕಟ್ಟಿದ. ಹಳ್ಳಿಯ ಹಾಡು-ಕುಣಿತ, ಕಸೂತಿ ಅಂಗಿ, ಒಂದಿಷ್ಟು ಕಣ್ಣೀರು, ಇಷ್ಟೇ ಉಕ್ರೇನಿ ನಾಟಕ ಎನ್ನುತ್ತಿದ್ದ ಕಾಲದಲ್ಲಿ ಸೊಫೊಕ್ಲಿಸ್‌ನ ಈಡಿಪಸ್ ಅನ್ನು ಉಕ್ರೇನಿ ಭಾಷೆಯಲ್ಲಿ ರಂಗಕ್ಕೆ ತಂದ. 1922ರಲ್ಲಿ ‘ಬೆರೆಜಿಲ್’ ಹುಟ್ಟಿತು. ಅದು ಮಾರ್ಚ್ ತಿಂಗಳಿಗೆ ಇರುವ ಹಳೆಯ ಹೆಸರು, ಹಿಮ ಒಡೆಯುವ ಕಾಲ. ಬೆರೆಜಿಲ್ ಬರೀ ನಾಟಕ ತಂಡವಾಗಿರಲಿಲ್ಲ. ಅಲ್ಲಿ ಹಲವು ಕಾರ್ಯಾಗಾರಗಳಿದ್ದವು, ನಿರ್ದೇಶಕರನ್ನು ತಯಾರು ಮಾಡುವ ಪ್ರಯೋಗಶಾಲೆ ಇತ್ತು, ಪತ್ರಿಕೆಯಿತ್ತು. ಒಂದು ವಸ್ತುಸಂಗ್ರಹಾಲಯವೂ ಇತ್ತು.

ಈ ಕೊನೆಯ ಮಾತಿನ ಬಳಿ ಸ್ವಲ್ಪ ನಿಲ್ಲುತ್ತೇನೆ. 1923ರಲ್ಲಿ, ತಂಡಕ್ಕೆ ಆಗಷ್ಟೇ ಒಂದು ವರ್ಷ ತುಂಬಿತ್ತು. ಊರಲ್ಲಿ ಅಂತರ್ಯುದ್ಧದ ಗಾಯ ಒಣಗಿರಲಿಲ್ಲ. ಆ ಹೊತ್ತಿನಲ್ಲಿ ಬೆರೆಜಿಲ್‌ನ ನಟ ವಸಿಲ್ ವಸಿಲ್ಕೊ ಭಿತ್ತಿಪತ್ರ, ಫೋಟೊ, ರೇಖಾಚಿತ್ರ, ರಂಗಸಜ್ಜಿಕೆಯ ಪುಟ್ಟ ಮಾದರಿಗಳನ್ನೆಲ್ಲ ಒಂದೆಡೆ ಸೇರಿಸಲು ಹೊರಟ. ಆಡುತ್ತಿರುವ ನಾಟಕದ ಬಣ್ಣ ಮುಖದಿಂದ ಒರೆಸುವ ಮೊದಲೇ ಅದರ ನೆನಪನ್ನು ಕೂಡಿಡುವ ಕೆಲಸ ಅದು. ಇಂದು ಕೀವ್‌ನ ಪೆಚೆರ್ಸ್ಕ್ ಲಾವ್ರಾ ಮಠದ ಆವರಣದಲ್ಲಿರುವ ಉಕ್ರೇನಿನ ರಂಗಭೂಮಿ, ಸಂಗೀತ ಮತ್ತು ಸಿನಿಮಾ ಮ್ಯೂಸಿಯಂ ಬೆಳೆದದ್ದು ಈ ಬೇರಿನಿಂದಲೇ. ಕುರ್ಬಾಸ್ ಬಗ್ಗೆ ಯಾರೇ ಪ್ರದರ್ಶನ ಏರ್ಪಡಿಸಲಿ, ಕೊನೆಗೆ ಬಂದು ಬಾಗಿಲು ತಟ್ಟುವುದು ಅಲ್ಲಿಯೇ. ಸಾಮಾನ್ಯವಾಗಿ ಮ್ಯೂಸಿಯಂ ಕಲಾವಿದನನ್ನು ಹುಡುಕಿಕೊಂಡು ಹೋಗುತ್ತದೆ. ಇಲ್ಲಿ ಕಲಾವಿದನ ಮನೆಯೊಳಗೇ ಮ್ಯೂಸಿಯಂ ಹುಟ್ಟಿತು. ನನಗೆ ಇದು ತೀರ ದೊಡ್ಡ ಸಂಗತಿಯಾಗಿ ಕಾಣುತ್ತದೆ.

ಈಗ ಆ ನಾಟಕಗಳನ್ನೇ ಒಂದೆರಡು ಹತ್ತಿರದಿಂದ ನೋಡೋಣ.

1920ರಲ್ಲಿ ಕುರ್ಬಾಸ್ ಉಕ್ರೇನಿನ ಕವಿ ಶೆವ್ಚೆಂಕೊನ ‘ಹೈದಮಾಕಿ’ ಕಾವ್ಯವನ್ನು ರಂಗಕ್ಕೆ ತಂದ. ಕಾವ್ಯ ನಾಟಕವಾಗುವಾಗ ಕವಿಯ ಸ್ವಂತ ಮಾತುಗಳನ್ನು ಎಲ್ಲಿ ಇಡುವುದು? ಸುಲಭದ ದಾರಿಯೆಂದರೆ ಒಬ್ಬ ಸೂತ್ರಧಾರನನ್ನು ಪಕ್ಕದಲ್ಲಿ ನಿಲ್ಲಿಸುವುದು. ಕುರ್ಬಾಸ್ ಹತ್ತು ಮಂದಿ ಹೆಂಗಸರ ಮೇಳ ಮಾಡಿದ. ಅದಕ್ಕೆ ‘ಕವಿಯ ಹತ್ತು ಮಾತುಗಳು’ ಎಂದು ಹೆಸರು. ಅವರು ಕಥೆ ಹೇಳುತ್ತಾರೆ, ಪಾತ್ರದ ಎದೆಯೊಳಗಿನ ತಳಮಳವಾಗುತ್ತಾರೆ, ನಟನ ಸುತ್ತ ಸರಿದು ದೃಶ್ಯವನ್ನೇ ಬದಲಿಸುತ್ತಾರೆ. ಮಾತಿಗೆ ಮೈ ಬಂದಿದೆ. ಬದುಕನ್ನು ಇದ್ದ ಹಾಗೆ ನಕಲು ಮಾಡದೆ, ಅದರ ಒಳಗನ್ನು ಬೇರೊಂದು ಆಕಾರದಲ್ಲಿ ಹೊರಗೆ ತರುವ ಈ ಬಗೆಯನ್ನು ಆತ ‘ಪೆರೆತ್ವೊರೆನ್ನ್ಯಾ’ ಎಂದು ಕರೆದ. ನಮ್ಮ ಮಾತಿನಲ್ಲಿ ‘ರೂಪಾಂತರ’ ಎನ್ನಬಹುದು.

1923ರಲ್ಲಿ ಗೆಯೋರ್ಗ್ ಕೈಸರ್‌ನ ‘ಗ್ಯಾಸ್’ ಬಂತು. ಅದರಲ್ಲಿ ನಟರ ಮೈಗಳೇ ಸೇರಿ ಕಾರ್ಖಾನೆಯ ಯಂತ್ರವಾದವು. ಅದೇ ವರ್ಷ ಅಪ್ಟನ್ ಸಿಂಕ್ಲೇರ್ ಕಾದಂಬರಿಯಿಂದ ಬಂದ ‘ಜಿಮ್ಮಿ ಹಿಗಿನ್ಸ್’ನಲ್ಲಿ ರಂಗದ ಮೇಲೆ ಸಿನಿಮಾ ತೆರೆ ಇಳಿಯಿತು. ಬರ್ಲಿನ್‌ನಲ್ಲಿ ನಿರ್ದೇಶಕ ಪಿಸ್ಕಾಟರ್ ನಾಟಕದೊಳಗೆ ಸಿನಿಮಾ ತುಣುಕು ತಂದದ್ದು 1925ರಲ್ಲಿ. ಯಾರು ಮೊದಲು ಎಂಬ ಜಗಳ ನನಗೆ ಬೇಕಿಲ್ಲ. ಆದರೆ ರಂಗಭೂಮಿಯ ಚರಿತ್ರೆ ಬರೆದವರ ಭೂಪಟದಲ್ಲಿ ಕೀವ್ ಎಂಬ ಊರೇ ಇರಲಿಲ್ಲವಲ್ಲ, ಅದು ನೋಯಿಸುತ್ತದೆ.

ನನ್ನ ಮನಸ್ಸಿನಲ್ಲಿ ಬೇರೂರಿರುವುದು 1924ರ ‘ಮ್ಯಾಕ್‌ಬೆತ್’. ವಾದಿಮ್ ಮೆಲ್ಲರ್ ಅದರ ವಿನ್ಯಾಸಕಾರ. ಕೋಟೆಯಿಲ್ಲ, ಕಾಡಿಲ್ಲ. ದೊಡ್ಡ ದೊಡ್ಡ ಹಸಿರು ಫಲಕಗಳು, ಅವುಗಳ ಮೇಲೆ ದಪ್ಪಕ್ಷರದಲ್ಲಿ ಜಾಗದ ಹೆಸರು. ಫಲಕ ಮೇಲಿನಿಂದ ಇಳಿದರೆ ಅದೇ ಅರಮನೆ. ನಟರು ಸಾಮಾನ್ಯ ಮನುಷ್ಯರ ಹಾಗೆ ನಡೆದು ಬಂದು, ತಮ್ಮ ಜಾಗ ಸೇರಿದ ಮೇಲೆ ಪಾತ್ರ ಹೊಕ್ಕು, ದೃಶ್ಯ ಮುಗಿದೊಡನೆ ಪಾತ್ರ ಕಳಚಿ ಹೊರಡುತ್ತಿದ್ದರು. ಕೊನೆಯಲ್ಲಿ, ಅಂವ್ರೊಸಿ ಬುಚ್ಮಾ ಆಡಿದ ವಿದೂಷಕ ಬಿಷಪ್ಪನ ವೇಷದಲ್ಲಿ ಬಂದು ಮಾಲ್ಕಮ್‌ಗೆ ಕಿರೀಟ ತೊಡಿಸುತ್ತಾನೆ. ಮಂಡಿಯೂರಿದವನನ್ನು ಇನ್ನೊಬ್ಬ ಕೊಂದು ಕಿರೀಟ ಕಿತ್ತುಕೊಳ್ಳುತ್ತಾನೆ. ಬಿಷಪ್ಪ ಅದೇ ಗಾಂಭೀರ್ಯದಿಂದ ಅವನಿಗೂ ತೊಡಿಸುತ್ತಾನೆ. ಅವನನ್ನೂ ಮತ್ತೊಬ್ಬ ಕೊಲ್ಲುತ್ತಾನೆ. ನಮ್ಮ ಬಿ.ವಿ. ಕಾರಂತರು ‘ಬರ್ನಂ ವನ’ದಲ್ಲಿ ಇದೇ ಮ್ಯಾಕ್‌ಬೆತ್‌ಗೆ ಯಕ್ಷಗಾನದ ನಡೆ ಕೊಟ್ಟದ್ದನ್ನು ಬಲ್ಲವರಿಗೆ, ಶೇಕ್ಸ್‌ಪಿಯರ್‌ನನ್ನು ತಮ್ಮ ನೆಲದ ಮೇಲೆ ನಿಲ್ಲಿಸಿಕೊಳ್ಳುವ ಈ ಧೈರ್ಯ ಅಪರಿಚಿತವಲ್ಲ.

ಮೆಲ್ಲರ್ ಬಗ್ಗೆ ಇನ್ನೂ ಒಂದು ಮಾತು. 1925ರ ಪ್ಯಾರಿಸ್ ಅಂತರರಾಷ್ಟ್ರೀಯ ಪ್ರದರ್ಶನದಲ್ಲಿ, ಬೆರೆಜಿಲ್‌ನ ಒಂದು ನಾಟಕಕ್ಕೆ ಆತ ಮಾಡಿದ ಸಜ್ಜಿಕೆಯ ಮಾದರಿಗೆ ಚಿನ್ನದ ಪದಕ ಬಂತು. ಅಂದರೆ ನಾಟಕ ಇನ್ನೂ ಬಿಸಿಯಾಗಿದ್ದಾಗಲೇ ಅದರ ಮಾದರಿ ಗಾಜಿನ ಪೆಟ್ಟಿಗೆಯಲ್ಲಿ ಕೂತು ದೇಶ ಸುತ್ತಿತ್ತು.

ಮುಂದಿನ ಕಥೆಯನ್ನು ಬೇಗ ಹೇಳುತ್ತೇನೆ. 1926ರಲ್ಲಿ ಬೆರೆಜಿಲ್ ಅಂದಿನ ರಾಜಧಾನಿ ಖಾರ್ಕಿವ್‌ಗೆ ಹೋಯಿತು. ಅಲ್ಲಿ ನಾಟಕಕಾರ ಮಿಕೊಲಾ ಕುಲಿಶ್ ಜೊತೆಯಾದ. ಅವರಿಬ್ಬರ ನಾಟಕಗಳು ಸೋವಿಯತ್ ಅಧಿಕಾರದ ಕಣ್ಣಿಗೆ ಮುಳ್ಳಾದವು. 1933ರ ಅಕ್ಟೋಬರ್‌ನಲ್ಲಿ ಕುರ್ಬಾಸ್‌ನನ್ನು ಅವನೇ ಕಟ್ಟಿದ ತಂಡದಿಂದ ಕಿತ್ತುಹಾಕಿದರು. ಮಾಸ್ಕೊಗೆ ಹೋಗಿ, ಯೆಹೂದಿ ರಂಗಮಂದಿರದಲ್ಲಿ ನಟ ಮಿಖೊಯೆಲ್ಸ್ ಜೊತೆ ‘ಕಿಂಗ್ ಲಿಯರ್’ ಕೆಲಸ ಹಿಡಿದ. ಡಿಸೆಂಬರ್‌ನಲ್ಲಿ ಬಂಧನವಾಯಿತು. ಶ್ವೇತ ಸಮುದ್ರದ ಸೊಲೊವ್ಕಿ ಸೆರೆಮನೆಯಲ್ಲೂ ಕೈದಿಗಳಿಂದ ನಾಟಕ ಆಡಿಸಿದ. 1937ರ ನವೆಂಬರ್ 3ರಂದು ಕರೇಲಿಯಾದ ಸಂದರ್ಮೊಖ್ ಕಾಡಿನಲ್ಲಿ ಗುಂಡಿಟ್ಟು ಕೊಂದರು. ಅದೇ ದಿನ, ಅದೇ ಕಾಡಿನಲ್ಲಿ ಕುಲಿಶ್‌ನನ್ನೂ ಕೊಂದರು. ಆ ದಿನಗಳಲ್ಲಿ ಅಲ್ಲಿ ಕೊಲೆಯಾದ ಸೊಲೊವ್ಕಿ ಕೈದಿಗಳು 1,111 ಮಂದಿ. ಆ ಜಾಗ ಜಗತ್ತಿಗೆ ತಿಳಿದದ್ದು 1997ರಲ್ಲಿ.

ಗೆಳೆಯರೇ, ಇದನ್ನು ಬೇಗ ಹೇಳಿದ್ದು ನೋವು ಕಡಿಮೆ ಎಂದಲ್ಲ. ಕುರ್ಬಾಸ್‌ನ ಹೆಸರೆತ್ತಿದ ಕೂಡಲೇ ಎಲ್ಲರೂ ಕಾಡಿನ ಆ ಗುಂಡಿಯಿಂದ ಶುರುಮಾಡುತ್ತಾರೆ. ಹುತಾತ್ಮನ ಪಟಕ್ಕೆ ಹಾರ ಬೀಳುತ್ತದೆ. ತಾಲೀಮಿನಲ್ಲಿ ಒಂದು ಹೆಜ್ಜೆಯನ್ನು ಮತ್ತೆ ಮತ್ತೆ ಮಾಡಿಸುತ್ತಿದ್ದ ಮನುಷ್ಯ ಹಾರದ ಹಿಂದೆ ಮರೆಯಾಗುತ್ತಾನೆ. ಕೊಂದವರಿಗೆ ಬೇಕಾಗಿದ್ದುದೂ ಅವನ ಕೆಲಸ ಯಾರಿಗೂ ಕಾಣದಿರುವುದೇ. ಆದ್ದರಿಂದ ಅವನ ಕುರಿತ ಪ್ರದರ್ಶನ ಕೆಲಸದಿಂದ ಶುರುವಾಗಬೇಕು ಎಂಬುದು ನನ್ನ ಗಟ್ಟಿ ನಂಬಿಕೆ. ಇಂದು ನಾನು ಹೇಳಬೇಕೆಂದು ಬಂದದ್ದು ಮುಖ್ಯವಾಗಿ ಇದನ್ನೇ.

ಈ ದಾರಿಯಲ್ಲಿ ನಡೆದವರಿದ್ದಾರೆ. ನ್ಯೂಯಾರ್ಕಿನ ನಿರ್ದೇಶಕಿ ವಿರ್ಲಾನಾ ತ್ಕಾಚ್ 1990ರಲ್ಲಿ ತಮ್ಮ ‘ಯಾರಾ’ ತಂಡ ಕಟ್ಟಿದಾಗ ಮೊದಲು ಆಡಿದ್ದೇ ಕುರ್ಬಾಸ್ ಕುರಿತ ನಾಟಕ. 2018ರಲ್ಲಿ ಅವರು, ಕೀವ್ ಮ್ಯೂಸಿಯಂನ ತೆತ್ಯಾನಾ ರುದೆಂಕೊ ಮತ್ತು ಕಲಾವಿದ ವಾಲ್ದೆಮಾರ್ ಕ್ಲೂಜ್ಕೊ ಸೇರಿ ಕೀವ್‌ನ ಮಿಸ್ತೆತ್ಸ್ಕಿ ಆರ್ಸೆನಲ್‌ನಲ್ಲಿ ‘ಕುರ್ಬಾಸ್: ಹೊಸ ಲೋಕಗಳು’ ಎಂಬ ದೊಡ್ಡ ಪ್ರದರ್ಶನ ಮಾಡಿದರು. ಒಂದು ಕಾಲಕ್ಕೆ ಮದ್ದುಗುಂಡಿನ ಉಗ್ರಾಣವಾಗಿದ್ದ ಕಟ್ಟಡ ಅದು. ಹೆಸರನ್ನೇ ಗಮನಿಸಿ. ಅದರಲ್ಲಿ ಸಾವಿನ ಸುಳಿವಿಲ್ಲ. ಅದಕ್ಕೂ ಮೊದಲು, 2015ರಲ್ಲಿ, ನ್ಯೂಯಾರ್ಕಿನ ಉಕ್ರೇನಿಯನ್ ಮ್ಯೂಸಿಯಂನಲ್ಲಿ ಕುರ್ಬಾಸ್ ಕಾಲದ ರಂಗವಿನ್ಯಾಸಗಳ ಪ್ರದರ್ಶನ ನಡೆದಿತ್ತು. 2022ರ ನವೆಂಬರ್‌ನಲ್ಲಿ ಉಕ್ರೇನಿನ ಆಧುನಿಕ ಕಲೆಯ ಕೃತಿಗಳನ್ನು ಹೊತ್ತ ಲಾರಿಗಳು ಕೀವ್‌ನಿಂದ ಗುಟ್ಟಾಗಿ ಮ್ಯಾಡ್ರಿಡ್‌ಗೆ ಹೊರಟವು. ಅದೇ ದಿನ ದೇಶದ ಮೇಲೆ ರಷ್ಯಾದ ಕ್ಷಿಪಣಿಗಳ ಮಳೆಯಾಯಿತು. ಮ್ಯಾಡ್ರಿಡ್, ಕಲೋನ್, ಬ್ರಸೆಲ್ಸ್, ವಿಯೆನ್ನಾ ದಾಟಿ 2024ರಲ್ಲಿ ಆ ಪ್ರದರ್ಶನ ಲಂಡನ್ ತಲುಪಿತು. ರಂಗಭೂಮಿ ಮ್ಯೂಸಿಯಂನ ಕಾಗದಗಳೂ ಅದರಲ್ಲಿದ್ದವು. ನೂರು ವರ್ಷದ ಹಿಂದೆ ನಟನೊಬ್ಬ ಎತ್ತಿಡಲು ತೊಡಗಿದ ಕಾಗದಗಳ ರಾಶಿ ಇಂಥ ಪಯಣಕ್ಕೂ ಒದಗಿತು ಎಂದುಕೊಂಡಾಗ ಗಂಟಲು ಕಟ್ಟುತ್ತದೆ.

ಸಿಗದೇ ಹೋದದ್ದನ್ನೂ ತೋರಿಸಬೇಕು. 1924–25ರಲ್ಲಿ ಕುರ್ಬಾಸ್ ಒಡೆಸ್ಸಾದಲ್ಲಿ ತೆಗೆದ ಸಿನಿಮಾಗಳು ಉಳಿದಿಲ್ಲ. ಇಂಥ ಕಡೆ ಬಣ್ಣಬಣ್ಣದ ಪುನಾರಚನೆಯಿಂದ ಜಾಗ ತುಂಬಿಸುವ ಆಸೆ ಹುಟ್ಟುವುದು ಸಹಜ. ನನಗೆ ಅದು ಒಪ್ಪುವುದಿಲ್ಲ. ಆ ಗೋಡೆಯನ್ನು ಖಾಲಿ ಬಿಡಿ, ಕೆಳಗೆ ಸಿನಿಮಾದ ಹೆಸರು ಬರೆಯಿರಿ. ಜಾಗದ ಹೆಸರನ್ನಷ್ಟೇ ಬರೆದು ನೋಡುಗನ ಕಣ್ಣಲ್ಲಿ ಅರಮನೆ ಕಟ್ಟಿಸಿದ ನಿರ್ದೇಶಕನಿಗೆ ಅದು ಸಲ್ಲುತ್ತದೆ.

ಇನ್ನು ಅರ್ಧ ಗಂಟೆಯಲ್ಲಿ ಮೊದಲ ಗೋಷ್ಠಿ ಶುರುವಾಗುತ್ತದೆ. ಮೆಲ್ಲರ್‌ನ ಉಡುಪಿನ ರೇಖಾಚಿತ್ರಗಳು ಈ ಗೋಡೆಯ ಮೇಲೆ ಮೂಡಲಿವೆ. ಬಣ್ಣ ಚೆನ್ನಾಗಿದೆ, ರೇಖೆ ಚೆನ್ನಾಗಿದೆ ಎಂದು ಮುಂದಿನ ಚಿತ್ರಕ್ಕೆ ಹೋಗಬೇಡಿ. ಆ ಉಡುಪು ತೊಟ್ಟವರು ಯಾವ ಕಾಲು ಮುಂದಿಟ್ಟು ಬಂದಿರಬಹುದು, ಆ ತೋಳು ಎತ್ತಿದಾಗ ಬಟ್ಟೆ ಎಲ್ಲಿ ಮುರಿದಿರಬಹುದು, ಅದನ್ನು ಕೇಳಿ. ಇಲ್ಲಿ ನಟರು ಬಹಳ ಮಂದಿ ಇದ್ದೀರಿ. ಬೇಕಾದರೆ ಎದ್ದು ನಿಂತು ಮಾಡಿ ನೋಡಿ, ಕುರ್ಚಿಗಳನ್ನು ಸರಿಸಿ ಮುಂದೆ ಜಾಗ ಬಿಡಲು ಹೇಳಿದ್ದೇನೆ.