ಉಂಬರ ಎಂದರೆ ನಮ್ಮ ಅತ್ತಿ



ಪುಣೆಗೆ ಬಂದು ಎಷ್ಟು ವರ್ಷವಾದರೂ ಇಲ್ಲಿನ ಮರಗಳನ್ನು ನಾವು ಪರಊರಿನವು ಎಂದೇ ನೋಡುತ್ತೇವೆ. ನೋಡಿದರೆ ಎಲ್ಲ ನಮಗೆ ಗೊತ್ತಿರುವವೇ, ಹೆಸರು ಮಾತ್ರ ಬೇರೆ. ಇಲ್ಲಿಯವರ ಕರಂಜ ನಮ್ಮ ಹೊಂಗೆ. ಕಡುನಿಂಬ ಎಂದರೆ ಬೇವು. ಅವರ ಗುಡಿ ಪಾಡ್ವಕ್ಕೂ ಅದೇ, ನಮ್ಮ ಯುಗಾದಿಗೂ ಅದೇ. ಶಿವರಾತ್ರಿಯ ಹೊತ್ತಿಗೆ ಎಲೆ ಉದುರಿಸಿ ಕೇಸರಿ ಹೂ ಹೊರುವ ಪಳಸ, ನಮ್ಮ ಅಜ್ಜಿಯರು ಊಟದೆಲೆ ಹಚ್ಚುತ್ತಿದ್ದ ಮುತ್ತುಗ. ಬೇಸಿಗೆಯಲ್ಲಿ ಹಳದಿ ಗೊಂಚಲು ತೂಗುವ ಬಹಾವಾ, ಕಕ್ಕೆ. ಮಹಾರಾಷ್ಟ್ರದ ರಾಜ್ಯಪುಷ್ಪ ತಾಮ್ಹಣಕ್ಕೆ ನಮ್ಮಲ್ಲಿ ಹೊಳೆದಾಸವಾಳ ಎನ್ನುತ್ತಾರೆ. ಫೋಟೊಗಳಲ್ಲಿ ಮಿಂಚುವ ಗುಲ್‌ಮೊಹರ್ ಮಾತ್ರ ಮಡಗಾಸ್ಕರಿನದು, ರಸ್ತೆಗೆ ಕೊಡೆ ಹಿಡಿಯುವ ಮಳೆಮರ ಅಮೆರಿಕ ಖಂಡದ್ದು. ಅವುಗಳ ಮೇಲೆ ನನಗೆ ಸಿಟ್ಟಿಲ್ಲ, ನೆರಳು ನೆರಳೇ.

ನಾನು ಮುಖ್ಯವಾಗಿ ಹೇಳಬೇಕೆಂದು ಬಂದದ್ದು ಉಂಬರದ, ಅಂದರೆ ಅತ್ತಿಮರದ ವಿಷಯ. ನಮ್ಮ ಸೊಸೈಟಿಯ ಪಾರ್ಕಿಂಗ್ ಪಕ್ಕದಲ್ಲಿ ಒಂದಿದೆ. ಹಣ್ಣು ಕಾರಿನ ಮೇಲೆ ಬೀಳುತ್ತದೆ, ನೊಣ ಬರುತ್ತದೆ, ಕಡಿಸಿ ಚೆಂದದ ಗಿಡ ನೆಡೋಣ ಎಂಬ ಪ್ರಸ್ತಾಪ ಬಂದಿದೆ.

ಅತ್ತಿಹಣ್ಣು ಬಿಚ್ಚಿದರೆ ಹುಳ ಎಂದು ಗಾದೆ ಮಾಡಿದ್ದೇವೆ. ಆ ಹುಳದಿಂದಲೇ ಮರದ ವಂಶ ನಡೆಯುವುದು. ಅತ್ತಿಯ ಹೂಗಳು ಕಾಯಿಯ ಒಳಗೇ ಇರುತ್ತವೆ. ಎಳ್ಳಿನಷ್ಟು ಚಿಕ್ಕದೊಂದು ಕಣಜ ತುದಿಯ ಸಣ್ಣ ರಂಧ್ರದಿಂದ ಒಳಹೊಕ್ಕು, ತಂದ ಪರಾಗ ಹಚ್ಚಿ, ಮೊಟ್ಟೆಯಿಟ್ಟು ಅಲ್ಲೇ ಸಾಯುತ್ತದೆ. ಅದರ ಹೆಣ್ಣುಮರಿಗಳು ಹೊಸ ಪರಾಗ ಹೊತ್ತು ಇನ್ನೊಂದು ಅತ್ತಿಮರ ಹುಡುಕಿಕೊಂಡು ಹಾರುತ್ತವೆ. ಎಲ್ಲ ಅತ್ತಿಗಳೂ ಒಂದೇ ಸಲ ಹಣ್ಣಾಗುವುದಿಲ್ಲ, ವರ್ಷದಲ್ಲಿ ಹಲವು ಸಲ ಬಿಡುತ್ತವೆ. ಹಾಗಾಗಿ ಬೇರೆ ಮರಗಳು ಖಾಲಿ ಇರುವಾಗಲೂ ಕೋಗಿಲೆ, ಕುಟ್ರುಹಕ್ಕಿ, ಬಾವಲಿಗಳಿಗೆ ಇಲ್ಲಿ ಊಟ. ಚೆಂದದ ಗಿಡ ಈ ಕೆಲಸ ಮಾಡುತ್ತದೆಯೇ?

ಸೋಜಿಗವೆಂದರೆ, ಕಡಿಸೋಣ ಎನ್ನುವವರಲ್ಲೇ ಕೆಲವರು ಪ್ರತಿವರ್ಷ ನಮ್ಮ ಕಲಬುರಗಿ ಜಿಲ್ಲೆಯ ಗಾಣಗಾಪುರಕ್ಕೆ ಹೋಗಿ ದತ್ತನ ಔದುಂಬರಕ್ಕೆ ಪ್ರದಕ್ಷಿಣೆ ಹಾಕಿ ಬರುತ್ತಾರೆ. ಔದುಂಬರ, ಉಂಬರ, ಅತ್ತಿ ಮೂರೂ ಒಂದೇ ಮರ.

ಆದರೆ ಸೊಸೈಟಿ ಸಭೆಯಲ್ಲಿ ಭಕ್ತಿಯ ಮಾತೊಂದೇ ಸಾಲದು, ಕಾನೂನೂ ಗೊತ್ತಿರಬೇಕು. ಮಹಾರಾಷ್ಟ್ರದ ನಗರಗಳಲ್ಲಿ 1975ರ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ. ಸ್ವಂತ ಜಾಗದ ಮರವಾದರೂ ಕಡಿಯಲು ಪಾಲಿಕೆಯ ವೃಕ್ಷ ಪ್ರಾಧಿಕಾರದ ಅನುಮತಿ ಬೇಕು. ಮರಕ್ಕೆ ನೋಟಿಸ್ ಅಂಟಿಸಬೇಕು, ಆಕ್ಷೇಪವಿದ್ದರೆ ಯಾರೂ ಬರೆದು ಕೊಡಬಹುದು. ನೋಟಿಸ್ ಮರಾಠಿಯಲ್ಲಿರುತ್ತದೆ. ಅದರಲ್ಲಿ 'ಉಂಬರ' ಎಂದು ಕಂಡಾಗ ನಮ್ಮ ಅತ್ತಿ ಎಂದು ತಿಳಿಯದಿದ್ದರೆ ನಾವು ಓದದೆ ಮುಂದೆ ಹೋಗುತ್ತೇವೆ.

ನಮ್ಮ ಸಭೆ ಮುಂದಿನ ತಿಂಗಳು. ಮರದ ಕೆಳಗೆ ನಿಲ್ಲುವುದು ಮೂರೇ ಕಾರು. ಅವನ್ನು ಗೇಟಿನ ಬದಿಗೆ ಸರಿಸಿ ಅಲ್ಲಿ ಸೈಕಲ್ ಸ್ಟ್ಯಾಂಡ್ ಮಾಡಬಹುದೆಂದು ನಕ್ಷೆ ಬರೆದಿಟ್ಟಿದ್ದೇನೆ. ಇಬ್ಬರು ಒಪ್ಪಿದ್ದಾರೆ. ಮೂರನೆಯವರ ಮನೆಗೆ ಈ ಭಾನುವಾರ ಹೋಗುತ್ತಿದ್ದೇನೆ.