ಅಂಗಭೋಗ, ರಂಗಭೋಗ: ನಮ್ಮ ಸೀಮೆಯ ಮಧ್ಯಯುಗದ ಸಂಗೀತ



ಮಧ್ಯಯುಗದ ಯುರೋಪಿನ ಸಂಗೀತದ ಚರಿತ್ರೆಯನ್ನು ಬರೆಯಹೊರಟವರು ಅದನ್ನು ಮೊದಲಿಗೇ ಎರಡು ಪಾಲು ಮಾಡಿಕೊಳ್ಳುವುದು ವಾಡಿಕೆ. ಒಂದು ಇಗರ್ಜಿಯದು, ಇನ್ನೊಂದು ಲೋಕದ್ದು. ಒಳಗೆ ಸನ್ಯಾಸಿಗಳು ಲ್ಯಾಟಿನ್ ಭಾಷೆಯಲ್ಲಿ, ಒಂದೇ ಧಾಟಿಯಲ್ಲಿ, ಒಕ್ಕೊರಲಿನಿಂದ ಹಾಡುತ್ತಿದ್ದ ಗ್ರೆಗೋರಿಯನ್ ಗಾನ. ಹೊರಗೆ ಫ್ರಾನ್ಸಿನ ದಕ್ಷಿಣ ಪ್ರಾಂತದ ಆಸ್ಥಾನಗಳಲ್ಲಿ ಟ್ರೂಬಡೂರ್ ಕವಿಗಳು ತಮ್ಮ ಮನೆಮಾತಿನಲ್ಲಿ ಕಟ್ಟಿದ ಪ್ರೇಮಗೀತೆ. ಈ ವಿಭಾಗವನ್ನು ತಂದು ನಮ್ಮ ಬಳ್ಳಾರಿ ಸೀಮೆಯ ಸಂಗೀತಕ್ಕೆ ಹಚ್ಚಿ ನೋಡಿದರೆ ಏನಾದೀತು? ಅದು ಇಲ್ಲಿ ನಿಲ್ಲುತ್ತದೆಯೆ? ಈ ಹೊತ್ತು ನಾನು ನಿಮ್ಮೊಡನೆ ವಿಚಾರ ಮಾಡಬೇಕೆಂದಿರುವುದು ಇದನ್ನು.

ಕುರುಗೋಡಿನಿಂದ ಆರಂಭಿಸೋಣ. ಬಳ್ಳಾರಿಗೆ ಸಮೀಪದಲ್ಲಿರುವ ಈ ಊರು ಇಂದು ದೊಡ್ಡಬಸವೇಶ್ವರನ ಜಾತ್ರೆಯಿಂದ ಜನರಿಗೆ ಗೊತ್ತು. 12ನೇ ಶತಮಾನದಲ್ಲಿ ಇದು ಕಲ್ಯಾಣದ ಚಾಲುಕ್ಯರಿಗೆ ಅಧೀನರಾಗಿದ್ದ ಸಿಂದ ಮನೆತನದವರ ಕೋಟೆಯೂರು. ಅಂದಿನ ಮಹಾಮಂಡಳೇಶ್ವರರ ಬಿರುದಾವಳಿ ಸಾಮಾನ್ಯವಾಗಿ ಆರಂಭವಾಗುತ್ತಿದ್ದುದೇ ಪಂಚಮಹಾಶಬ್ದಗಳನ್ನು ಪಡೆದವನು ಎಂಬ ಮಾತಿನಿಂದ. ಶೃಂಗ, ತಮ್ಮಟ, ಶಂಖ, ಭೇರಿ, ಜಯಘಂಟೆ ಎಂದು ಅವುಗಳನ್ನು ಎಣಿಸುವುದುಂಟು. ಈ ಐದು ನಾದಗಳು ಮೊಳಗಿದವೆಂದರೆ ಅಧಿಕಾರವುಳ್ಳವನು ಬಂದನೆಂದು ಅರ್ಥ. ಆದರೆ ಈ ಶಂಖ, ಈ ಭೇರಿ, ಈ ಘಂಟೆ ಗುಡಿಯಲ್ಲಿಯೂ ಇವೆಯಲ್ಲವೆ? ಅರಸನಿಗೆ ಮೊಳಗಿದ್ದು ಲೌಕಿಕ, ಶಿವನಿಗೆ ಮೊಳಗಿದ್ದು ಪಾರಮಾರ್ಥಿಕ ಎಂದು ಗೆರೆ ಕೊರೆಯಹೊರಟರೆ ವಾದ್ಯವೇ ನಕ್ಕೀತು.

ಆ ಕಾಲದ ದತ್ತಿಶಾಸನಗಳನ್ನು ಓದಿದವರಿಗೆ ಒಂದು ಜೋಡಿ ಪದ ಮತ್ತೆ ಮತ್ತೆ ಎದುರಾಗುತ್ತದೆ: ಅಂಗಭೋಗ, ರಂಗಭೋಗ. ದೇವರ ಮೂರ್ತಿಗೆ ಸಲ್ಲುವ ಅಭಿಷೇಕ, ಗಂಧ, ಪುಷ್ಪ, ದೀಪ ಮೊದಲಾದವು ಅಂಗಭೋಗ. ರಂಗಮಂಟಪದಲ್ಲಿ ಆ ದೇವರ ಎದುರು ನಡೆಯುವ ಹಾಡು, ವಾದ್ಯ, ನೃತ್ಯ ರಂಗಭೋಗ. ಎರಡಕ್ಕೂ ಒಂದೇ ಶಾಸನದಲ್ಲಿ ಭೂಮಿ ಬಿಡುತ್ತಿದ್ದರು. ‘ಭೋಗ’ ಎಂಬ ಶಬ್ದವನ್ನು ಗಮನಿಸಬೇಕು. ನಮ್ಮ ಪೂರ್ವಿಕರು ದೇವರನ್ನು ಒಬ್ಬ ರಸಿಕನಾದ ಒಡೆಯನೆಂದು ಭಾವಿಸಿದ್ದರು. ಒಡೆಯನಿಗೆ ಸಂಗೀತ ಇಷ್ಟವಾಗುವಂತೆ ದೇವರಿಗೂ ಇಷ್ಟ. ಇಗರ್ಜಿಯ ಹಿರಿಯರು ವಾದ್ಯವನ್ನೂ ಕುಣಿತವನ್ನೂ ಸಂಶಯದಿಂದ ಕಾಣುತ್ತಿದ್ದ ಶತಮಾನಗಳಲ್ಲಿ ಇಲ್ಲಿ ಮದ್ದಳೆ ಬಾರಿಸುವವನಿಗೂ, ಕೊಳಲೂದುವವನಿಗೂ, ಪಾತ್ರದವಳಿಗೂ ಗುಡಿಯ ಆಸ್ತಿಯಲ್ಲಿ ಪಾಲು ದೊರೆಯುತ್ತಿತ್ತು.

ಹಾಗಾದರೆ ನಮ್ಮವರು ಹಾಡುಗಳನ್ನು ವಿಂಗಡಿಸಲೇ ಇಲ್ಲವೆ? ವಿಂಗಡಿಸಿದರು, ಆದರೆ ಬೇರೊಂದು ಬಗೆಯಲ್ಲಿ. ಕಲ್ಯಾಣದ ಮೂರನೆಯ ಸೋಮೇಶ್ವರ ಸುಮಾರು 1130ರ ಹೊತ್ತಿಗೆ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಗೀತವಿನೋದವೆಂಬ ಭಾಗವಿದೆ. ಅಲ್ಲಿ ಯಾವ ಹಾಡು ಯಾವ ಸಂದರ್ಭಕ್ಕೆ ಎಂಬ ಮಾತು ಬರುತ್ತದೆ. ಕಥೆ ಹೇಳುವಾಗ ಷಟ್ಪದಿ, ಮದುವೆಯಲ್ಲಿ ಧವಳ, ಉತ್ಸವದಲ್ಲಿ ಮಂಗಳ, ಯೋಗಿಗಳಿಗೆ ಚರ್ಯಾ, ಒನಕೆ ಹಿಡಿದು ಕುಟ್ಟುವಾಗ ತ್ರಿಪದಿ. ಈ ಪಟ್ಟಿಯಲ್ಲಿ ಯೋಗಿಯೂ ಕುಟ್ಟುವ ಹೆಂಗಸೂ ಅಕ್ಕಪಕ್ಕದಲ್ಲಿ ಕುಳಿತಿದ್ದಾರೆ. ಹಾಡು ದೇವರದೋ ಮನುಷ್ಯರದೋ ಎಂದು ಅರಸ ಕೇಳುವುದಿಲ್ಲ. ಯಾವ ಕೆಲಸದ ಜೊತೆಗೆ ಎಂದು ಕೇಳುತ್ತಾನೆ. ಒಬ್ಬ ಚಕ್ರವರ್ತಿ ಒನಕೆಯ ಹಾಡನ್ನು ಸಂಸ್ಕೃತ ಗ್ರಂಥವೊಂದರಲ್ಲಿ ದಾಖಲಿಸಿದನೆಂಬುದು ನನಗೆ ಇಂದಿಗೂ ಸೋಜಿಗದ ಸಂಗತಿ. ಅದೇ ಕಾಲದ ಜರ್ಮನಿಯಲ್ಲಿ ಹಿಲ್ಡೆಗಾರ್ಡ್ ಎಂಬ ಮಠಾಧ್ಯಕ್ಷೆ ಅಪೂರ್ವವಾದ ಭಕ್ತಿಗೀತೆಗಳನ್ನು ರಚಿಸುತ್ತಿದ್ದಳು. ಅವು ಸ್ವರಲಿಪಿಯ ಸಮೇತ ಉಳಿದಿವೆ. ಆಕೆಯ ಮಠದ ಹೊರಗೆ ರೊಟ್ಟಿಯ ಹಿಟ್ಟು ನಾದುತ್ತಿದ್ದ ಹೆಂಗಸರು ಏನು ಹಾಡುತ್ತಿದ್ದರೆಂಬುದನ್ನು ಬರೆದಿಡಬೇಕೆಂದು ಅಲ್ಲಿನ ಲಿಪಿಕಾರರಿಗೆ ತೋರಿದಂತಿಲ್ಲ.

ವಚನಕಾರರ ವಿಷಯವನ್ನು ಇಲ್ಲಿ ಹೆಚ್ಚು ಬೆಳೆಸುವುದಿಲ್ಲ. ತಾಳಮಾನಗಳ ಲೆಕ್ಕ ತನಗೆ ತಿಳಿಯದೆಂದೂ ಮನಸ್ಸು ಒಲಿದಂತೆ ಹಾಡುವೆನೆಂದೂ ಬಸವಣ್ಣನವರು ಹೇಳಿಕೊಂಡಿದ್ದಾರೆ. ಶಾಸ್ತ್ರಸಂಗೀತದ ಮುಂದೆ ಆಡಿದ ವಿನಯದ ಮಾತು ಅದು. ಸ್ವಲ್ಪ ಸವಾಲಿನ ಮಾತೂ ಹೌದು.

ಈಗ ಹಂಪೆಗೆ ಬರೋಣ. 2021ರಲ್ಲಿ ಜಿಲ್ಲೆ ಬೇರೆಯಾಯಿತಾದರೂ ಬಳ್ಳಾರಿಯವರ ಮನಸ್ಸಿನಲ್ಲಿ ಹಂಪೆ ಬೇರೆಯಾಗಿಲ್ಲ. ಅಲ್ಲಿ ಕಲ್ಲಿನ ಕಂಬಗಳು ಸಪ್ತಸ್ವರ ನುಡಿಯುತ್ತವೆಂದು ಪ್ರವಾಸಿಗಳಿಗೆ ಹೇಳುವ ಉತ್ಸಾಹದಲ್ಲಿ ನಾವು ಇನ್ನೂ ದೊಡ್ಡದೊಂದನ್ನು ಹೇಳಲು ಮರೆಯುತ್ತೇವೆ. ಕಲ್ಲಿನಾಥನು ಶಾರ್ಙ್ಗದೇವನ ‘ಸಂಗೀತರತ್ನಾಕರ’ಕ್ಕೆ ‘ಕಲಾನಿಧಿ’ ವ್ಯಾಖ್ಯಾನ ಬರೆದದ್ದು 15ನೇ ಶತಮಾನದ ವಿಜಯನಗರದಲ್ಲಿ. ರಾಮಾಮಾತ್ಯನು ಅಳಿಯ ರಾಮರಾಯನ ಆಶ್ರಯದಲ್ಲಿ ‘ಸ್ವರಮೇಳಕಲಾನಿಧಿ’ಯನ್ನು ಮುಗಿಸಿದ್ದು 1550ರಲ್ಲಿ. ರಾಗಗಳನ್ನು ಮೇಳಗಳಲ್ಲಿ ಹಂಚುವ ಪದ್ಧತಿ ಬಲಗೊಂಡದ್ದು ಈ ಗ್ರಂಥದಿಂದ.

ಶಾರ್ಙ್ಗದೇವನು ವಿವರಿಸುವ ಪ್ರಬಂಧಗಳಿಗೆ ಆರು ಅಂಗಗಳು: ಸ್ವರ, ಬಿರುದು, ಪದ, ತೇನ, ಪಾಟ, ತಾಳ. ಇವುಗಳಲ್ಲಿ ಬಿರುದು ಎಂದರೆ ನಾಯಕನ ಹೊಗಳಿಕೆ, ತೇನ ಎಂದರೆ ಮಂಗಳವಾಚಕವಾದ ಅಕ್ಷರಗಳು. ಅಂದರೆ ಒಂದೇ ಹಾಡಿನ ಮೈಯಲ್ಲಿ ಅರಮನೆಯೂ ಗುಡಿಯೂ ಎರಡು ಅಂಗಗಳಾಗಿ ಕೂಡಿಕೊಂಡಿವೆ. ಅವನು ಹೇಳುವ ಸಾಲಗಸೂಡವೆಂಬ ಏಳು ಗೀತಗಳ ಮಾಲೆಯಿಂದ ನಮ್ಮ ಹರಿದಾಸರ ಸುಳಾದಿ ಬೆಳೆಯಿತೆಂಬುದು ವಿದ್ವಾಂಸರು ಸಾಮಾನ್ಯವಾಗಿ ಒಪ್ಪಿರುವ ಮಾತು. ಶ್ರೀಪಾದರಾಜರು, ವ್ಯಾಸರಾಯರು, ಪುರಂದರದಾಸರು ಈ ರಚನೆಯನ್ನು ಕನ್ನಡಕ್ಕೂ ವಿಠಲನಿಗೂ ಒಗ್ಗಿಸಿದರು. ನನಗೆ ತೋರುವಂತೆ ಅವರು ಮಾಡಿದ ದೊಡ್ಡ ಬದಲಾವಣೆ ರಾಗದಲ್ಲಿಯೂ ಅಲ್ಲ, ತಾಳದಲ್ಲಿಯೂ ಅಲ್ಲ. ಹಾಡಿನ ಕೊನೆಯಲ್ಲಿ ಆಶ್ರಯದಾತನ ಹೆಸರು ಬರಬಹುದಾದ ಜಾಗದಲ್ಲಿ ದೇವರ ಅಂಕಿತವನ್ನು ಇಟ್ಟರು. ಸಾಮ್ರಾಜ್ಯದ ರಾಜಧಾನಿಯಲ್ಲಿ ಕುಳಿತು, ಅರಸನ ಹೆಸರೆತ್ತದೆ, ಬೀದಿಯಲ್ಲಿ ಹಾಡುವುದು ಸಣ್ಣ ಧೈರ್ಯವಲ್ಲ.

ಪುರಂದರದಾಸರು ಎರವಲು ತಂದದ್ದು ಆಸ್ಥಾನದಿಂದ ಮಾತ್ರವಲ್ಲ. ಕಲ್ಲುಸಕ್ಕರೆ ಮಾರುವವನ ಕೂಗು ಅವರಲ್ಲಿ ಕೀರ್ತನೆಯ ಪಲ್ಲವಿಯಾಯಿತು. ಜೋಗುಳ, ಉದಯರಾಗ, ಕೋಲಾಟದ ಪದ ಎಲ್ಲವೂ ದಾಸರ ಜೋಳಿಗೆಗೆ ಬಂದವು. ಹಜಾರರಾಮ ಗುಡಿಯ ಹೊರಗೋಡೆಯ ಮೇಲೆ ಆನೆ ಕುದುರೆಗಳ ಸಾಲಿನೊಡನೆ ಕೋಲು ಹಿಡಿದು ಕುಣಿಯುವ ಹೆಂಗಸರನ್ನು ಇಂದಿಗೂ ನೋಡಬಹುದು. ಆ ಕೋಲಾಟಕ್ಕೂ ದಾಸರ ಕೋಲುಪದಕ್ಕೂ ನಡುವೆ ಒಂದು ಗೋಡೆಯಷ್ಟೇ ದೂರ.

ಯುರೋಪಿನಲ್ಲಿಯೂ ಗೆರೆ ಗಟ್ಟಿಯಾಗಿ ನಿಲ್ಲಲಿಲ್ಲ. 13ನೇ ಶತಮಾನದ ಮೊಟೆಟ್ ಎಂಬ ರಚನೆಗಳಲ್ಲಿ ಒಬ್ಬ ಗಾಯಕ ಲ್ಯಾಟಿನ್ ಪ್ರಾರ್ಥನೆಯ ಧಾಟಿಯನ್ನು ಎಳೆಯುತ್ತಿರುವಾಗ ಮೇಲಿನ ಸ್ವರದವರು ಫ್ರೆಂಚಿನಲ್ಲಿ ಪ್ರಣಯದ ಮಾತನ್ನು ಹಾಡುವುದುಂಟು. 15ನೇ ಶತಮಾನದಲ್ಲಿ ದ್ಯುಫೇಯಂತಹ ಹಿರಿಯ ರಚನಕಾರರು ಆಯುಧ ತೊಟ್ಟ ಮನುಷ್ಯನನ್ನು ಕುರಿತ ಒಂದು ಲೌಕಿಕ ಹಾಡಿನ ಮಟ್ಟಿನ ಮೇಲೆ ಪೂಜೆಯ ಸಂಗೀತವನ್ನೇ ಕಟ್ಟಿದರು. 1562ರಲ್ಲಿ ಟ್ರೆಂಟ್ ನಗರದಲ್ಲಿ ಸೇರಿದ್ದ ಧರ್ಮಸಭೆ ಇಗರ್ಜಿಯ ಸಂಗೀತದಲ್ಲಿ ಅಪವಿತ್ರವಾದುದು ಬೆರೆಯಬಾರದೆಂದು ವಿಧಿಸಿತು. ಪುರಂದರದಾಸರು ತೀರಿಕೊಂಡದ್ದು 1564ರಲ್ಲಿ. ಅಲ್ಲಿ ಬಾಗಿಲು ಹಾಕಲು ಹೊರಟ ಹೊತ್ತಿಗೆ ಇಲ್ಲಿ ಒಬ್ಬರು ಬಾಗಿಲನ್ನೇ ತೆಗೆದಿರಿಸಿ ಹೋಗಿದ್ದರು.

ಆದರೆ ಒಂದು ವಿಷಯದಲ್ಲಿ ಅವರು ಗೆದ್ದರು, ನಾವು ಸೋತೆವು. ಇದನ್ನು ಸಂಕೋಚವಿಲ್ಲದೆ ಹೇಳಬೇಕು. 11ನೇ ಶತಮಾನದ ಆರಂಭದಲ್ಲಿ ಇಟಲಿಯ ಗ್ವಿಡೊ ಎಂಬ ಸನ್ಯಾಸಿ ಗೆರೆಗಳ ಮೇಲೆ ಸ್ವರ ಬರೆಯುವ ಕ್ರಮವನ್ನು ನೆಲೆಗೊಳಿಸಿದ. ಹುಡುಗರು ಕೇಳದ ಹಾಡನ್ನೂ ನೋಡಿ ಹಾಡಲಿ ಎಂಬುದು ಅವನ ಆಸೆ. ಅದರಿಂದಾಗಿ ಆ ಕಾಲದ ಹಾಡುಗಳ ಮಟ್ಟು ಇಂದಿಗೂ ಕೈಗೆ ಸಿಗುತ್ತದೆ. ನಮ್ಮಲ್ಲಿ ಸ್ವರ ಬರೆಯುವ ವಿದ್ಯೆ ಇರಲಿಲ್ಲವೆಂದಲ್ಲ. ಪುದುಕ್ಕೋಟೆ ಸೀಮೆಯ ಕುಡುಮಿಯಾಮಲೈ ಬಂಡೆಯ ಮೇಲೆ ಶತಮಾನಗಳ ಹಿಂದೆಯೇ ಸ್ವರಗಳನ್ನು ಕೆತ್ತಿದ್ದರು; ಶಾರ್ಙ್ಗದೇವನ ಗ್ರಂಥದಲ್ಲಿಯೂ ಸ್ವರಲೇಖನವಿದೆ. ವಿದ್ಯೆ ಇತ್ತು, ಇಚ್ಛೆ ಇರಲಿಲ್ಲ. ದಾಸರ ಪದಗಳ ಓಲೆಪ್ರತಿಗಳಲ್ಲಿ ರಾಗದ ಹೆಸರೂ ತಾಳದ ಹೆಸರೂ ಇರುತ್ತವೆ, ಮಟ್ಟು ಮಾತ್ರ ಇರುವುದಿಲ್ಲ. ಅದನ್ನು ಕೊರಳಿಗೆ ಬಿಟ್ಟರು.

ಕೊರಳು ಯಾರದು? ಪ್ರಶ್ನೆ ಇಲ್ಲಿ ಬಿಗಿಯಾಗುತ್ತದೆ. ದಾಸರ ಪದಗಳಿಗೆ ಭಜನೆಯ ಮೇಳಗಳೂ ಮನೆಯ ಹೆಂಗಸರೂ ಸಿಕ್ಕಿದರು. ಸಿರುಗುಪ್ಪದ ಕಡೆ, ತುಂಗಭದ್ರೆಯ ಎರಡೂ ದಡಗಳಲ್ಲಿ, ಮಂತ್ರಾಲಯದ ದಾರಿಯುದ್ದಕ್ಕೂ ಆ ಪರಂಪರೆ ಹರಿಯಿತು. ರಂಗಭೋಗದ ಹಾಡುಗಳಿಗೆ ಸಿಕ್ಕಿದ್ದು ಗುಡಿಗೆ ಮೀಸಲಾದ ಹೆಣ್ಣುಮಕ್ಕಳ ಕೊರಳು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಪಾಯೆಸನು ಆ ಹೆಂಗಸರ ನೃತ್ಯವನ್ನೂ ಅವರು ಕಲಿಯುತ್ತಿದ್ದ ಶಾಲೆಯನ್ನೂ ಬೆರಗಿನಿಂದ ವರ್ಣಿಸಿದ್ದಾನೆ. ಕಾಲಕ್ರಮದಲ್ಲಿ ಆ ಪದ್ಧತಿ ಎಷ್ಟು ಕ್ರೂರವಾಯಿತೆಂಬುದು ನಮ್ಮ ಜಿಲ್ಲೆಯವರಿಗೆ ವಿವರಿಸಬೇಕಾದ ಮಾತಲ್ಲ. ಬಳ್ಳಾರಿ ಆಗ ಮದರಾಸು ಪ್ರಾಂತಕ್ಕೆ ಸೇರಿತ್ತು; 1947ರ ಮದರಾಸು ಕಾಯಿದೆ ಗುಡಿಗೆ ಹೆಣ್ಣುಮಕ್ಕಳನ್ನು ಬಿಡುವುದನ್ನು ನಿಷೇಧಿಸಿತು; 1982ರಲ್ಲಿ ಕರ್ನಾಟಕ ತನ್ನದೇ ಕಾಯಿದೆ ತಂದಿತು. ಅವು ಬರಬೇಕಾಗಿದ್ದ ಕಾಯಿದೆಗಳು, ತಡವಾಗಿ ಬಂದವು. ಆದರೆ ಆ ಹೆಂಗಸರನ್ನು ಅವಮಾನದಿಂದ ಬಿಡಿಸುವಾಗ ಅವರ ಬಾಯಲ್ಲಿದ್ದ ಹಾಡನ್ನು ಗೌರವದಿಂದ ಕೇಳಿ ಬರೆದುಕೊಳ್ಳಬಹುದಾಗಿತ್ತು. ಸಭ್ಯರಾದ ನಾವು ಹಾಡನ್ನೂ ಅಪಮಾನದ ಲೆಕ್ಕಕ್ಕೇ ಸೇರಿಸಿ ಕೈತೊಳೆದುಕೊಂಡೆವು.

ಇನ್ನು ಸೋಮೇಶ್ವರನ ಒನಕೆಯ ತ್ರಿಪದಿ. ತುಂಗಭದ್ರಾ ಕಾಲುವೆಯ ನೀರು ಹರಿದ ಮೇಲೆ ಸಿರುಗುಪ್ಪದ ಹೊಲಗಳಲ್ಲಿ ಭತ್ತ ತುಂಬಿತು, ಊರಿನಲ್ಲಿ ಅಕ್ಕಿಗಿರಣಿಗಳು ತುಂಬಿದವು. ಯಾವ ಹೆಂಗಸೂ ಒನಕೆಗಾಗಿ ಅಳಬೇಕಾಗಿಲ್ಲ; ಆ ದುಡಿಮೆ ಹೋದದ್ದು ಒಳ್ಳೆಯದೇ. ಆದರೆ ಕೆಲಸದೊಂದಿಗೆ ಹೆಣೆದ ಹಾಡು ಕೆಲಸ ನಿಂತ ದಿನ ಅನಾಥವಾಗುತ್ತದೆ. ಒಮ್ಮೆ ಅಲ್ಲಿ ಒಬ್ಬ ವೃದ್ಧೆಯನ್ನು ಕುಟ್ಟುವ ಪದ ಹೇಳಿರೆಂದು ಕೇಳಿದೆ. ‘ಕೈಯಾಗ ಒನಕಿ ಇಲ್ದ ಬಾಯಿಗೆ ಬರಂಗಿಲ್ರೀ’ ಎಂದರು. ಕೊನೆಗೆ ಮೊಮ್ಮಗನ ಕ್ರಿಕೆಟ್ ಬ್ಯಾಟನ್ನು ತರಿಸಿ, ಅದನ್ನು ನೆಲಕ್ಕೆ ಮೆಲ್ಲನೆ ಕುಟ್ಟುತ್ತ ಐದಾರು ಪದ ಹೇಳಿದರು. ಅವುಗಳಲ್ಲಿ ಎರಡು ಬಸವಣ್ಣನವು, ಒಂದು ತವರಿನದು, ಇನ್ನೊಂದು ಅತ್ತೆಯ ಮೇಲಿನ ಸಿಟ್ಟು. ಮಟ್ಟು ಎಲ್ಲಕ್ಕೂ ಒಂದೇ.

ದರೋಜಿಯ ಈರಮ್ಮನವರನ್ನು ಇಲ್ಲಿ ನೆನೆಯಲೇಬೇಕು. ಅಕ್ಷರ ಕಲಿಯದ ಆಕೆ ಬುರ್ರಕಥೆಗಳನ್ನು ರಾತ್ರಿಗಟ್ಟಲೆ ಹಾಡಬಲ್ಲವರಾಗಿದ್ದರು. ಹಂಪೆಯ ಕನ್ನಡ ವಿಶ್ವವಿದ್ಯಾಲಯ ಆಕೆಗೆ ನಾಡೋಜ ಗೌರವ ನೀಡಿತು. ಕುಮಾರರಾಮನ ಕಥೆಯಂತಹವು ವೀರರ ಚರಿತ್ರೆ. ಆದರೆ ಕಥೆಗೆ ಮೊದಲು ದೇವರ ಸ್ತುತಿ ತಪ್ಪುತ್ತಿರಲಿಲ್ಲ. ಆಕೆ 2014ರಲ್ಲಿ ತೀರಿಕೊಂಡರು. ಬುರ್ರಕಥೆಯ ಪಠ್ಯವನ್ನು ಅಚ್ಚಿಗೆ ತರಬಹುದು. ಎಲ್ಲಿ ದನಿ ಏರಿಸುತ್ತಿದ್ದರು, ಎಲ್ಲಿ ಹಾಡನ್ನು ನಿಲ್ಲಿಸಿ ಮಾತಿಗಿಳಿಯುತ್ತಿದ್ದರು ಎಂಬುದನ್ನು ಅಚ್ಚಿನ ಮೊಳೆ ಹಿಡಿಯಲಾರದು, ಧ್ವನಿಮುದ್ರಿಕೆ ಹಿಡಿದೀತು.

ಇಂದು ಪ್ರತಿಯೊಂದು ಮನೆಯಲ್ಲಿಯೂ ಧ್ವನಿ ಹಿಡಿಯುವ ಯಂತ್ರ ಅಂಗೈಯಲ್ಲಿದೆ. ಗ್ವಿಡೊನ ಗೆರೆಗಳಿಗಿಂತ ಸುಲಭವಾದ ಸಾಧನ, ಸ್ವರಜ್ಞಾನವೂ ಬೇಕಾಗಿಲ್ಲ. ಕುರುಗೋಡಿನಲ್ಲಿ, ಸಿರುಗುಪ್ಪದಲ್ಲಿ, ಬಳ್ಳಾರಿಯ ಹಳೆಯ ಓಣಿಗಳಲ್ಲಿ ಎಪ್ಪತ್ತು ದಾಟಿದ ಹೆಂಗಸರು ಇನ್ನೂ ಇದ್ದಾರೆ. ಅವರ ಎದುರು ಕುಳಿತಾಗ ದೇವರ ಹಾಡನ್ನಷ್ಟೇ ಹೇಳಿರೆಂದು ಕೇಳಬೇಡಿ. ಸಂಕೋಚದಿಂದ ಅವರು ಅವನ್ನಷ್ಟೇ ಹೇಳಿಯಾರು. ಅತ್ತೆಯ ಮೇಲಿನ ಸಿಟ್ಟಿನ ಪದವನ್ನೂ ಕೇಳಿ ಪಡೆಯಿರಿ.